ಉಂಡೆ ಹುಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಅರಸೀಕೆರೆ ಕಡೆ, ಸೇರಿದ ಮನೆ ಮೂಡಿಗೆರೆ ಕಡೆ. ತವರಲ್ಲಿ ತಿಂಗಳಿಗೆರಡು ಸಲ ಆಗುತ್ತಿದ್ದ ಉಂಡೆ ಹುಳಿ ಗಂಡನ ಮನೆಯವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಅವರದ್ದು ಕಡುಬಿನ ಮನೆ. ಈಗ ಎರಡೂ ಕಡೆಯವರು ನನ್ನನ್ನೇ ಕೇಳುತ್ತಾರೆ. ಮದುವೆ ಮನೆಯಲ್ಲಿ, ಬಸ್ಸಲ್ಲಿ, ಫೋನಲ್ಲಿ, ಕೆಲವರು ಒಲೆ ಮೇಲೆ ಪಾತ್ರೆ ಕುದಿಯುತ್ತಿರುವಾಗಲೇ ವಾಟ್ಸಾಪಲ್ಲಿ ಫೋಟೋ ಹಾಕಿ ಕೇಳುತ್ತಾರೆ. ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟೆ.

### ಮೊದಲ ಸಲ ಮಾಡುವವರಿಗೆ

ಉಂಡೆ ಹುಳಿ, ಕಡುಬು, ನುಚ್ಚಿನುಂಡೆ ಎಲ್ಲಾ ಒಂದೇ ಅಲ್ವಾ?

ಅಲ್ಲ. ಕಡುಬು ಅಕ್ಕಿ ತರಿಯದ್ದು. ಹಬೆಯಲ್ಲಿ ಬೇಯುತ್ತದೆ, ಅನ್ನದ ಜಾಗದಲ್ಲಿ ಕೂರುತ್ತದೆ, ಪಕ್ಕಕ್ಕೆ ಸಾರು ಬೇಕು. ನುಚ್ಚಿನುಂಡೆ ಬೇಳೆಯದ್ದು, ಅದೂ ಹಬೆಯದ್ದೇ, ತುಪ್ಪ ಹಾಕಿಕೊಂಡು ಮಜ್ಜಿಗೆ ಹುಳಿ ಜೊತೆ ತಿನ್ನುತ್ತೇವೆ. ಉಂಡೆ ಹುಳಿಯಲ್ಲಿ ಹಸಿ ಬೇಳೆ ಉಂಡೆ ನೇರವಾಗಿ ಕುದಿಯುವ ತರಕಾರಿ ಹುಳಿಗೇ ಬೀಳುತ್ತದೆ. ಅಲ್ಲೇ ಬೆಂದು, ಹುಳಿಯ ಉಪ್ಪು ಖಾರ ಕುಡಿದು ಮೇಲೆ ಬರುತ್ತದೆ. ತಿನ್ನೋದು ಅನ್ನಕ್ಕೋ ಮುದ್ದೆಗೋ. 'ಉಂಡೆ ಸಾರು' ಅಂತ ಕೇಳುವ ಮುಂಚೆ ಯಾರ ಮನೆ ಅಂತ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಹಾಗಂದರೆ ಕೈಮಾ ಉಂಡೆ.

ನಾಲ್ಕು ಜನಕ್ಕೆ ಎಷ್ಟೆಷ್ಟು? ಕಣ್ಣಂದಾಜು ಅನ್ಬೇಡಿ, ಲೆಕ್ಕ ಹೇಳಿ.

ಉಂಡೆಗೆ: ತೊಗರಿಬೇಳೆ 150 ಗ್ರಾಂ, ಕಡಲೆಬೇಳೆ 50 ಗ್ರಾಂ, ಒಣಮೆಣಸಿನಕಾಯಿ 4, ಒಂದಿಂಚು ಶುಂಠಿ, ತೆಂಗಿನ ತುರಿ 3 ಚಮಚ, ಕರಿಬೇವು, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಇಂಗು, ಉಪ್ಪು. ಇದಕ್ಕೆ 16ರಿಂದ 18 ಉಂಡೆ ಆಗುತ್ತವೆ.

ಹುಳಿಗೆ: ತರಕಾರಿ 300 ಗ್ರಾಂ, ನೀರು ಒಂದೂಕಾಲು ಲೀಟರ್, ಸಣ್ಣ ನಿಂಬೆಹಣ್ಣಿನಷ್ಟು ಹುಣಸೆಹಣ್ಣು, ಚೂರು ಬೆಲ್ಲ, ಅರಿಶಿನ, ಉಪ್ಪು. ರುಬ್ಬೋದಕ್ಕೆ ಕೊತ್ತಂಬರಿ ಬೀಜ 2 ಚಮಚ, ಒಣಮೆಣಸಿನಕಾಯಿ 6, ಅರ್ಧ ಚಮಚ ಜೀರಿಗೆ, ಎಂಟು ಹತ್ತು ಕಾಳು ಮೆಂತ್ಯ, ಇಷ್ಟನ್ನೂ ಹುರಿದುಕೊಂಡು ಅರ್ಧ ಬಟ್ಟಲು ತೆಂಗಿನ ತುರಿ ಜೊತೆ ರುಬ್ಬಿ. ಬಿಡುವಿಲ್ಲದ ದಿನ ಮನೆಯ ಹುಳಿಪುಡಿ 2 ಚಮಚ ಸಾಕು, ಯಾರೂ ಬೈಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಆದರೆ ಬಣ್ಣ ಬರುತ್ತದೆ, ಖಾರ ಕಮ್ಮಿ. ಅದಕ್ಕೆ ಎರಡು ಗುಂಟೂರು ಸೇರಿಸುತ್ತೇನೆ.

ಯಾವ ತರಕಾರಿ ಹಾಕಲಿ?

ಕುದಿಯುವಾಗ ಕರಗಿಹೋಗದ ತರಕಾರಿ. ನುಗ್ಗೆಕಾಯಿ, ಸೀಮೆಬದನೆ, ಮೂಲಂಗಿ, ಬದನೆಕಾಯಿ, ಹುರುಳಿಕಾಯಿ. ಕುಂಬಳಕಾಯಿ, ಟೊಮೆಟೊ ಜಾಸ್ತಿ ಬೇಡ. ಹುಳಿ ಮಂದ ಆಗಿಬಿಡುತ್ತದೆ, ಉಂಡೆಗೆ ತೇಲೋಕೆ ಜಾಗ ಇರುವುದಿಲ್ಲ.

ನನ್ನ ಓಟು ಆಲೂಗೆಡ್ಡೆಗೆ. ಹಾಸನದವಳು ಇನ್ನೇನು ಹೇಳಲಿ! ನಮ್ಮ ಕಡೆ ಮುಂಗಾರಿನ ಮೊದಲ ಮಳೆಗೆ ಬಿತ್ತಿದ ಗೆಡ್ಡೆ ಆಗಸ್ಟ್, ಸೆಪ್ಟೆಂಬರಿಗೆ ಕಿತ್ತು ಬರುತ್ತದೆ. ಅಂಗಮಾರಿ ರೋಗ ಬಿಟ್ಟರೆ ಅನ್ನಿ, ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ಹೊಲಕ್ಕೆ ಹೊಲವೇ ಕಪ್ಪಾಗುತ್ತದೆ. ಹೊಸ ಗೆಡ್ಡೆಯ ಸಿಪ್ಪೆ ಹೆಬ್ಬೆರಳಲ್ಲಿ ತಿಕ್ಕಿದರೆ ಬಿಟ್ಟುಕೊಳ್ಳುತ್ತದೆ. ಅಂಥದ್ದನ್ನು ಸಿಪ್ಪೆ ಸಮೇತ ಎರಡು ಹೋಳು ಮಾಡಿ ಹಾಕಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಳು ಇದ್ದರೆ ಬೇರೆ ತರಕಾರಿ ಕೇಳಲೇಬೇಡಿ.

ಹುಳಿಗೆ ಬೇರೆ ಬೇಳೆ ಬೇಯಿಸಿ ಹಾಕಬೇಕಾ?

ಬೇಡ. ಉಂಡೆಯಲ್ಲೇ 200 ಗ್ರಾಂ ಬೇಳೆ ಇದೆ. ಎಷ್ಟೇ ಜೋಪಾನ ಮಾಡಿದರೂ ಉಂಡೆಯಿಂದ ಒಂದಿಷ್ಟು ಪುಡಿ ಉದುರುತ್ತದೆ, ಹುಳಿ ತಾನಾಗೇ ಗಟ್ಟಿಯಾಗುತ್ತದೆ. ಉಂಡೆ ಬಿಡುವ ಮೊದಲು ಹುಳಿ ನೋಡಿದರೆ 'ಇದೇನು ಇಷ್ಟು ನೀರು' ಅನ್ನಿಸಬೇಕು, ತಿಳಿಸಾರಿಗಿಂತ ಒಂಚೂರು ಮಂದ, ಅಷ್ಟೇ.

ಈರುಳ್ಳಿ ಇಲ್ಲದೆ ರುಚಿ ಬರುತ್ತಾ?

ಬರುತ್ತದೆ. ಇಂಗು ಸ್ವಲ್ಪ ಮುಂದಾಗಿ ಹಾಕಿ. ಉಂಡೆಗೆ ಈರುಳ್ಳಿ ಹಾಕಲೇಬೇಕು ಅನ್ನುವವರು ತುಂಬ ಸಣ್ಣಗೆ ಹೆಚ್ಚಿ, ಹಿಂಡಿ ಹಾಕಿ. ಅದರ ನೀರು ಉಂಡೆಗೆ ಶತ್ರು.

### ರುಬ್ಬುವುದು, ಕಟ್ಟುವುದು

ಬೇಳೆ ರಾತ್ರಿಯೇ ನೆನೆಹಾಕಿಬಿಡಬಹುದಾ? ಬೆಳಗ್ಗೆ ಟೈಮ್ ಇರಲ್ಲ.

ತೊಗರಿಬೇಳೆಗೆ ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು ಗಂಟೆ ಸಾಕು. ಉಗುರಲ್ಲಿ ಒತ್ತಿದರೆ ಪಟಕ್ಕನೆ ಮುರಿಯಬೇಕು, ಜಜ್ಜಿಹೋಗಬಾರದು. ರಾತ್ರಿಯಿಡೀ ನೆಂದ ಬೇಳೆ ಮಿಕ್ಸಿಗೆ ಹಾಕಿದ ಕೂಡಲೇ ಬೆಣ್ಣೆ ಥರ ನುಣ್ಣಗಾಗುತ್ತದೆ. ವಡೆಗಾದರೂ ಹೇಗೋ ನಡೆಯುತ್ತದೆ, ಹುಳಿಗೆ ನಡೆಯುವುದಿಲ್ಲ. ಬೆಳಗ್ಗೆ ಎದ್ದ ತಕ್ಷಣ ನೆನೆಹಾಕಿ, ಮಿಕ್ಕ ಕೆಲಸ ಮಾಡಿಕೊಳ್ಳಿ. ಅದೂ ಆಗದಿದ್ದರೆ ರಾತ್ರಿಯೇ ರುಬ್ಬಿ ಫ್ರಿಜ್ಜಲ್ಲಿಡಿ. ಉಪ್ಪು ಮಾತ್ರ ಆಗ ಹಾಕಬೇಡಿ.

ನೀರು ಹಾಕದೆ ನಮ್ಮ ಮಿಕ್ಸಿ ತಿರುಗೋದೇ ಇಲ್ಲ. ಏನ್ಮಾಡ್ಲಿ?

ಜಾರಿನ ತುಂಬ ತುಂಬಿದರೆ ಯಾವ ಮಿಕ್ಸಿಯೂ ತಿರುಗುವುದಿಲ್ಲ. ಚಟ್ನಿ ಜಾರಲ್ಲಿ ಎರಡು ಹಿಡಿ ಬೇಳೆ ಹಾಕಿ, ಎಡಗಡೆ ತಿರುಗಿಸಿ ತಿರುಗಿಸಿ ಬಿಡಿ. ನಿಲ್ಲಿಸಿ, ಚಮಚದಲ್ಲಿ ಕೆದಕಿ, ಮತ್ತೆ ಎರಡು ಸಲ. ಮೆಣಸಿನಕಾಯಿ, ಶುಂಠಿ, ಇಂಗನ್ನು ಮೊದಲ ಸುತ್ತಿಗೇ ಹಾಕಿ ಪುಡಿ ಮಾಡಿಕೊಂಡರೆ ಆಮೇಲೆ ಕಷ್ಟವಿಲ್ಲ. ಮೂರು ನಾಲ್ಕು ಸುತ್ತು ಆಗುತ್ತದೆ, ಆಗಲಿ ಬಿಡಿ. ಅಲ್ಲೊಂದು ಇಲ್ಲೊಂದು ಅರ್ಧ ಬೇಳೆ ಹಾಗೇ ಉಳಿಯಬೇಕು. ನಮ್ಮಮ್ಮ ಒರಳಲ್ಲಿ ರುಬ್ಬುತ್ತಿದ್ದಾಗ ಒಂದು ಹಿಡಿ ಬೇಳೆ ಬೇರೆ ತೆಗೆದಿಟ್ಟು, ಕೊನೆಯ ನಾಲ್ಕು ಸುತ್ತಿಗೆ ಸೇರಿಸುತ್ತಿದ್ದಳು. ಮಿಕ್ಸಿಯಲ್ಲೂ ಅದೇ ಮಾಡಿ.

ಉಂಡೆ ಎಷ್ಟು ದಪ್ಪ ಇರಬೇಕು?

ಸಣ್ಣ ನಿಂಬೆಹಣ್ಣಿನಷ್ಟು, ತೂಕ ಹಾಕಿದರೆ ಸುಮಾರು 25 ಗ್ರಾಂ. ಬೆಂದ ಮೇಲೆ ಉಬ್ಬುತ್ತದೆ. ದೊಡ್ಡದು ಕಟ್ಟಿದರೆ ಹೊರಗೆ ಬೆಂದು ಒಳಗೆ ಹಸಿ ಬೇಳೆ ವಾಸನೆ ಉಳಿಯುತ್ತದೆ. ತಂಬಿಟ್ಟು ಕಟ್ಟಿದ ಹಾಗೆ ಅಮುಕಿ ಅಮುಕಿ ಕಟ್ಟಬೇಡಿ. ಬೆರಳು ಮಡಿಸಿ ಒಂದು ಸಲ ಹಿಡಿದು ಬಿಡಿ, ಬೆರಳಚ್ಚು ಉಳಿದರೆ ಇನ್ನೂ ಒಳ್ಳೆಯದು, ಆ ಸಂದಿಯಲ್ಲಿ ಹುಳಿ ನಿಲ್ಲುತ್ತದೆ. ನೋಡೋಕೆ ದುಂಡಗಿರಬೇಕು ಅಂತ ಎಲ್ಲಿದೆ?

ಸಬ್ಬಸಿಗೆ ಇಷ್ಟ ಇಲ್ಲ. ಬದಲಿಗೆ ಏನು?

ಕೊತ್ತಂಬರಿ ಸೊಪ್ಪು, ಎಳೆ ನುಗ್ಗೆಸೊಪ್ಪು, ಮೆಂತ್ಯ ಸೊಪ್ಪು, ಯಾವುದಾದರೂ ಆಗುತ್ತದೆ. ತೊಳೆದ ಸೊಪ್ಪನ್ನು ಬಟ್ಟೆ ಮೇಲೆ ಹರಡಿ ಆರಿಸಿಯೇ ಹೆಚ್ಚಿ. ಆದರೂ ಒಂದು ಮಾತು, ಸಬ್ಬಸಿಗೆ ವಾಸನೆ ಇಲ್ಲದ ಉಂಡೆ ಹುಳಿ ನನಗೆ ಬೇಳೆ ವಡೆ ನೀರಿಗೆ ಬಿದ್ದ ಹಾಗೆ ಅನ್ನಿಸುತ್ತದೆ.

### ಒಲೆಯ ಮೇಲೆ

ಅಕ್ಕಾ, ಹುಳಿಗೆ ಬಿಟ್ಟ ತಕ್ಷಣ ಉಂಡೆ ಎಲ್ಲಾ ಒಡೆದು ಗಂಜಿ ಆಗೋಯ್ತು. ಯಾಕೆ?

ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಪ್ರಶ್ನೆ ಇದು. ಮದುವೆಯಾದ ಹೊಸದರಲ್ಲಿ ನನಗೂ ಆಗಿದೆ. ಗಂಡನ ದೊಡ್ಡಪ್ಪ ಊಟಕ್ಕೆ ಬಂದಿದ್ದರು. 'ನಮ್ಮ ಕಡೆಯ ಉಂಡೆ ಹುಳಿ' ಅಂತ ಬೆಳಗ್ಗಿನಿಂದ ಹೇಳಿಕೊಂಡು ತಿರುಗಿದ್ದೆ. ಬಡಿಸುವಾಗ ಸೌಟು ಪಾತ್ರೆಯ ತಳದವರೆಗೂ ಹೋಗಿ ಬರಿಗೈಲಿ ವಾಪಸ್ ಬಂತು. ದೊಡ್ಡಪ್ಪ ಎಲೆ ನೋಡಿ, ನನ್ನ ಮುಖ ನೋಡಿ, ಮೆತ್ತಗೆ 'ಉಂಡೆ ಮುಂದಿನ ಸಲ ಬರ್ತದೇನಮ್ಮ?' ಅಂದರು.

ಅವತ್ತು ತಪ್ಪಾಗಿದ್ದು ಒಲೆ ಮುಂದೆ ಅಲ್ಲ, ಅದಕ್ಕೂ ಮುಂಚೆ ಬೇಳೆ ಬಸಿಯುವಾಗ. ನೀರು ಚೆಲ್ಲಿದೆ, ನೇರ ಮಿಕ್ಸಿಗೆ ಸುರಿದೆ. ಬೇಳೆ ತೂತಿನ ಪಾತ್ರೆಯಲ್ಲಿ 20 ನಿಮಿಷವಾದರೂ ಕೂರಬೇಕು. ಆಮೇಲೆ ಒಣ ಬಟ್ಟೆ ಮೇಲೆ ಹರಡಿ ಒಂದು ಸಲ ಒತ್ತಬೇಕು. ಬಟ್ಟೆ ಎಷ್ಟು ಒದ್ದೆಯಾಗುತ್ತದೆ ನೋಡಿ, ಅಷ್ಟು ನೀರೂ ನಿಮ್ಮ ಉಂಡೆಯೊಳಗೆ ಹೋಗುವುದರಲ್ಲಿತ್ತು.

ಉಪ್ಪಿನದ್ದೂ ಇದೇ ಕತೆ. ಉಪ್ಪು ಬಿದ್ದ ಕೂಡಲೇ ಸೊಪ್ಪು, ಈರುಳ್ಳಿ ನೀರು ಬಿಡುತ್ತವೆ. ಹಾಗಾಗಿ ಹುಳಿ ಕುದಿ ಬಂದ ಮೇಲೆ ಉಪ್ಪು ಕಲಸಿ, ತಕ್ಷಣ ಕಟ್ಟಿ.

ಇನ್ನು ಕುದಿ. ಚೆನ್ನಾಗಿ ಕುದಿಯುವ ನೀರಿಗೆ ಬಿದ್ದಾಗ ಉಂಡೆಯ ಹೊರಮೈಯ ಹಿಟ್ಟಿನಂಶ ತಕ್ಷಣ ಬೆಂದು ಅಂಟಿಕೊಂಡು ಒಂದು ಪದರ ಕಟ್ಟುತ್ತದೆ. ಆ ಪದರವೇ ಉಂಡೆಯನ್ನು ಹಿಡಿದಿಡೋದು. ಹುಳಿ ಬರೀ ಬಿಸಿಯಾಗಿದ್ದರೆ ಪದರ ಕಟ್ಟುವ ಮುಂಚೆ ಉಂಡೆ ನೀರು ಕುಡಿದು ಕರಗುತ್ತದೆ. ಹದಿನೆಂಟನ್ನೂ ಒಟ್ಟಿಗೆ ಹಾಕಿದರೂ ಹಾಗೇ, ಕುದಿ ನಿಂತುಹೋಗುತ್ತದೆ. ಐದೈದು ಬಿಡಿ. ಮತ್ತೆ ಕುದಿ ಬರಲಿ, ಮುಂದಿನ ಐದು. ಎಲ್ಲಾ ಬಿದ್ದ ಮೇಲೆ ಉರಿ ಮಧ್ಯಮಕ್ಕಿಳಿಸಿ. ಆಗಲೂ ಕೊತಕೊತ ಕುದಿಸಿದರೆ ಒಂದಕ್ಕೊಂದು ಗುದ್ದಿಕೊಂಡು ಒಡೆಯುತ್ತವೆ.

ಸೌಟು ದೂರ ಇಡಿ. ತಳ ಹಿಡಿಯುತ್ತದೆ ಅಂತ ಭಯವಾದರೆ ಮಸಿಬಟ್ಟೆಯಲ್ಲಿ ಪಾತ್ರೆಯ ಎರಡು ಅಂಚು ಹಿಡಿದು, ಮಗು ತೂಗಿದ ಹಾಗೆ ಒಂದು ಸಲ ಅಲ್ಲಾಡಿಸಿ. ಅಗಲ ಬಾಯಿಯ ಪಾತ್ರೆ ಆದರೆ ಉಂಡೆಗಳು ಒಂದರ ಮೇಲೊಂದು ಕೂರುವುದಿಲ್ಲ.

ಮತ್ತೆ ಒಂದು: ಎಲ್ಲಾ ಬಿಡುವ ಮುಂಚೆ ಒಂದೇ ಒಂದು ಉಂಡೆ ಬಿಟ್ಟು ಮೂರು ನಿಮಿಷ ಕಾಯಿರಿ. ಅದು ನಿಂತರೆ ಎಲ್ಲವೂ ನಿಲ್ಲುತ್ತವೆ. ಒಡೆದರೆ ಮಿಕ್ಕಿದ್ದಕ್ಕೆ ಎರಡು ಚಮಚ ಅಕ್ಕಿಹಿಟ್ಟು ಕಲಸಿ. ಆಗಲೂ ಅನುಮಾನ ಇದ್ದರೆ ಹಬೆಗೆ ಇಡಿ. ಹೋಗಿದ್ದು ಒಂದು ಉಂಡೆ ತಾನೆ.

ಬೆಂದಿದೆ ಅಂತ ಗೊತ್ತಾಗೋದು ಹೇಗೆ?

ಮೊದಲು ಮುಳುಗುತ್ತವೆ. ಬೇಯುತ್ತಾ ಒಳಗಿನ ಗಾಳಿ, ಹಬೆ ಹಿಗ್ಗಿ ಹಗುರಾಗಿ ಮೇಲೆ ಬರುತ್ತವೆ. ಮೇಲೆ ಬಂದ ಮೇಲೂ ಐದು ನಿಮಿಷ ಬಿಡಿ. ಒಟ್ಟು 12ರಿಂದ 15 ನಿಮಿಷ. ಒಂದೆರಡು ಸೋಮಾರಿಗಳು ತಳದಲ್ಲೇ ಕೂತಿರುತ್ತವೆ, ಅವುಗಳಿಗಾಗಿ ಕಾಯಬೇಡಿ. ಒಂದನ್ನು ತೆಗೆದು ಚಾಕುವಿನಲ್ಲಿ ಅರ್ಧ ಮಾಡಿ. ನಡುವೆ ಹೊಳೆಯುವ ಹಸಿ ಹಳದಿ ಚುಕ್ಕೆ ಇರಬಾರದು, ಪೂರ್ತಿ ಒಂದೇ ಬಣ್ಣ ಇರಬೇಕು. ಮುಚ್ಚಳ ಓರೆಯಾಗಿರಲಿ, ಪೂರ್ತಿ ಮುಚ್ಚಿದರೆ ಉಕ್ಕುತ್ತದೆ.

ಹಬೇಲಿ ಬೇಯಿಸಿ ಆಮೇಲೆ ಹುಳಿಗೆ ಹಾಕಿದ್ರೆ ತಪ್ಪಾ?

ತಪ್ಪೇನಿಲ್ಲ. ಇಡ್ಲಿ ತಟ್ಟೆಯಲ್ಲಿ 10 ನಿಮಿಷ ಇಟ್ಟು ಹಾಕಿದರೆ ಒಂದೂ ಒಡೆಯುವುದಿಲ್ಲ. ಆದರೆ ಹುಳಿ ಒಳಗಿಳಿಯುವುದು ಕಮ್ಮಿ. ನೆಂಟರು ಬರುವ ದಿನ ಹಬೆ, ಮನೆಯವರೇ ಇರುವ ದಿನ ನೇರ ಹುಳಿಗೆ. ದೊಡ್ಡಪ್ಪನ ಊಟದ ಮೇಲೆ ನಾನು ಮಾಡಿಕೊಂಡ ಕಟ್ಟಳೆ ಇದು.

ಕುಕ್ಕರಲ್ಲಿ ಒಂದು ಕೂಗು ಕೂಗಿಸಿದ್ರೆ?

ತರಕಾರಿಗೆ ಬೇಕಾದರೆ ಕೂಗಿಸಿ. ಉಂಡೆ ಹಾಕಿ ಮಾತ್ರ ಬೇಡ.

ನಮ್ಮನೇಲಿ ಉಲ್ಟಾ. ಒಡೆಯಲ್ಲ, ಕಲ್ಲು ಥರ ಗಟ್ಟಿ ಆಗುತ್ತೆ.

ಮೂರರಲ್ಲಿ ಒಂದು ಕಾರಣ. ಒಡೆಯುವ ಭಯಕ್ಕೆ ಅಕ್ಕಿಹಿಟ್ಟು ಸುರಿದಿರುತ್ತೀರಿ, ಇಲ್ಲ ಅಮುಕಿ ಕಟ್ಟಿರುತ್ತೀರಿ, ಇಲ್ಲ ಕಡಲೆಬೇಳೆ ಜಾಸ್ತಿಯಾಗಿರುತ್ತದೆ. ತೆಂಗಿನ ತುರಿ ಕಮ್ಮಿ ಮಾಡಬೇಡಿ. ಅದರ ಎಣ್ಣೆಯಂಶ, ಅದರ ಎಳೆ ಉಂಡೆಯನ್ನು ಬಿಡಿಬಿಡಿಯಾಗಿ ಇಡುತ್ತದೆ. ಒಂದು ಚಮಚ ಎಣ್ಣೆ ಕಲಸಿದರೂ ಆದೀತು.

### ಕೈ ಪಳಗಿದ ಮೇಲೆ

ಮಗಳು ಮಂಗಳೂರಲ್ಲಿ ಮಾಡಿದ್ರೆ ಬೇಗ ಬೇಯುತ್ತಂತೆ. ನಮ್ಮೂರಲ್ಲಿ ಯಾಕೆ ತಡ?

ಅವಳು ಸುಳ್ಳು ಹೇಳುತ್ತಿಲ್ಲ. ಮಂಗಳೂರು ಸಮುದ್ರದ ಪಕ್ಕ, ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 1,000 ಮೀಟರ್ ಎತ್ತರ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಇಲ್ಲಿ ಸುಮಾರು 97 ಡಿಗ್ರಿಗೇ ಕುದಿ ಬರುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿ ಏರುವುದಿಲ್ಲ, ಗ್ಯಾಸ್ ಖರ್ಚು ಅಷ್ಟೇ. ಮೂರು ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ಬೇಳೆಗೆ ಗೊತ್ತಾಗುತ್ತದೆ. ಕಡಲತೀರದವರು ಹೇಳಿದ ಹೊತ್ತಿಗೆ ಎರಡು ಮೂರು ನಿಮಿಷ ಸೇರಿಸಿಕೊಳ್ಳಿ.

ಬೋರ್‌ವೆಲ್ ನೀರಲ್ಲಿ ಉಂಡೆ ಒಳಗೆ ಹಸಿ ಹಸಿ ಅನ್ಸುತ್ತೆ. ನೀರಿನ ತಪ್ಪಾ?

ಇರಬಹುದು. ಅರಸೀಕೆರೆ, ಕಡೂರು ಕಡೆ ಆಳದ ಬೋರ್ ನೀರು ಗಡಸು. ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣದಂಶ. ಅದು ಬೇಳೆಯ ಜೊತೆ ಸೇರಿ ಮೆತ್ತಗಾಗಲು ಬಿಡುವುದಿಲ್ಲ. ತವರಲ್ಲಿ ಬೇಳೆ ಬೇಯಿಸೋಕೆ ಅಂತಲೇ ಮಳೆನೀರು ಹಿಡಿದಿಡುತ್ತಿದ್ದೆವು, ಹಂಚಿನ ಸೂರಿನ ಕೆಳಗೆ ಹಂಡೆ ಇಟ್ಟು. ಮದುವೆಯಾಗಿ ಮೂಡಿಗೆರೆಗೆ ಬಂದಾಗ ಬಾವಿ ನೀರಲ್ಲಿ ಬೇಳೆ ಬೆಂದ ಪರಿ ನೋಡಿ ಕುಕ್ಕರ್ ಕೆಟ್ಟಿದೆ ಅಂದುಕೊಂಡಿದ್ದೆ! ಗಡಸು ನೀರಿದ್ದರೆ ನೆನೆಹಾಕೋಕೂ ಹುಳಿಗೂ ಕುಡಿಯುವ ಫಿಲ್ಟರ್ ನೀರು ಬಳಸಿ. ಇಲ್ಲವಾದರೆ ನೀರು ಕುದಿಸಿ, ಆರಿಸಿ, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಸೋಡಾಪುಡಿ ಹಾಕಬೇಡಿ, ಉಂಡೆ ಸಡಿಲವಾಗುತ್ತದೆ.

ಹುಣಸೆರಸ ಯಾವಾಗ ಬಿಡಬೇಕು? ಬೇರೆ ಹುಳಿ ಹಾಕಬಹುದಾ?

ತರಕಾರಿ ಮುಕ್ಕಾಲು ಬೆಂದ ಮೇಲೆ, ಉಂಡೆ ಬಿಡುವ ಮುಂಚೆ. ಹುಳಿ ಮೊದಲೇ ಬಿದ್ದರೆ ಆಲೂಗೆಡ್ಡೆ ಎಷ್ಟು ಕುದಿಸಿದರೂ ಕಚಕಚ ಅನ್ನುತ್ತದೆ. ಕೊಪ್ಪ, ಶೃಂಗೇರಿ ಕಡೆಯವರ ಹತ್ತಿರ ಒಣಗಿಸಿದ ವಾಟೆಹುಳಿ ಇರುತ್ತದೆ, ನಾಲ್ಕು ಹೋಳು ಹಾಕಿದರೆ ಹುಳಿ ತಿಳಿಯಾಗಿ, ಬೇರೆಯದೇ ಘಮ. ಅಮಟೆಕಾಯಿ ಸಿಕ್ಕರೆ ಜಜ್ಜಿ ಹಾಕಿ. ನಿಂಬೆರಸ ಬೇಡ, ಕುದಿಸಿದರೆ ಕಹಿಯಾಗುತ್ತದೆ.

ಮಳೆಗಾಲದಲ್ಲಿ ಕಳಲೆ ಹಾಕಿ ಮಾಡಬಹುದಾ?

ಮಾಡಿ, ಚೆನ್ನಾಗಿರುತ್ತದೆ. ಬಿದಿರಿನ ಎಳೆ ಮೊಳಕೆ ಸಿಗೋದೇ ಜೂನ್‌ನಿಂದ ಆಗಸ್ಟ್ ತನಕ. ಕಿತ್ತ ದಿನವೇ ಬೇಯಿಸಬೇಡಿ. ಹಸಿ ಕಳಲೆಯಲ್ಲಿ ಸೈನೈಡ್ ಹುಟ್ಟಿಸುವ ವಿಷದಂಶ ಇರುತ್ತದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿಡಿ, ದಿನಾ ನೀರು ಬದಲಿಸಿ, ಆಮೇಲೆ ಬೇರೆ ನೀರಲ್ಲಿ ಕುದಿಸಿ ಆ ನೀರು ಚೆಲ್ಲಿ. ನಮ್ಮತ್ತೆ ಇದರಲ್ಲಿ ಯಾರ ಮಾತೂ ಕೇಳುವುದಿಲ್ಲ. ಮೂರು ಅಂದರೆ ಮೂರು ದಿನ.

ಅಕ್ಕಿ ತರಿ ಉಂಡೇನೂ ಹೀಗೇ ಹುಳೀಲೇ ಬೇಯಿಸಬಹುದಾ?

ಹಸಿ ತರಿ ನಿಲ್ಲುವುದಿಲ್ಲ. ಒಂದು ಲೋಟ ತರಿಗೆ ಎರಡು ಲೋಟ ನೀರು ಕುದಿಸಿ, ಉಪ್ಪು, ಚಮಚ ಎಣ್ಣೆ ಹಾಕಿ ಕೆದಕಿ, ಕಡುಬಿನ ಹಿಟ್ಟಿನ ಹದಕ್ಕೆ ತನ್ನಿ. ಕೈ ಒದ್ದೆ ಮಾಡಿಕೊಂಡು ಗೋಲಿ ಗಾತ್ರ ಕಟ್ಟಿ, ಹಬೆಯಲ್ಲಿ 10 ನಿಮಿಷ ಬೇಯಿಸಿ, ಕೊನೆಯಲ್ಲಿ ಹುಳಿಗೆ ಹಾಕಿ ಒಂದು ಕುದಿ ಬರಿಸಿ. ತಕ್ಷಣ ತಿನ್ನಬೇಕು. ಅರ್ಧ ಗಂಟೆ ಬಿಟ್ಟರೆ ಹುಳಿಯನ್ನೆಲ್ಲ ಕುಡಿದು ಕೂತಿರುತ್ತವೆ. ನಮ್ಮ ಮಕ್ಕಳಿಗೆ ಇದೇ ಇಷ್ಟ, ಬೇಳೆ ಉಂಡೆಯನ್ನು ಮೆಲ್ಲಗೆ ಎಲೆಯ ಅಂಚಿಗೆ ಸರಿಸುತ್ತಾರೆ.

ಮನೇಲಿ ಪೂಜೆ, ಐವತ್ತು ಜನ. ಉಂಡೆ ಹುಳಿ ಧೈರ್ಯ ಮಾಡಬಹುದಾ?

ಒಂದೇ ದೊಡ್ಡ ಪಾತ್ರೆಯಲ್ಲಿ ಬೇಡ. ಕೆಳಗಿನವು ಮೇಲಿನವುಗಳ ಭಾರಕ್ಕೇ ಚಪ್ಪಟೆಯಾಗುತ್ತವೆ. ಎರಡೂವರೆ ಕೆಜಿ ಬೇಳೆ ಬೇಕು, ಇನ್ನೂರು ಚಿಲ್ಲರೆ ಉಂಡೆ. ಬೆಳಗ್ಗೆಯೇ ಹಬೆಯಲ್ಲಿ ಬೇಯಿಸಿ ತಟ್ಟೆಯಲ್ಲಿ ಹರಡಿಡಿ. ಹುಳಿ ಬೇರೆ ಕುದಿಯಲಿ. ಒಂದೊಂದು ಪಂಕ್ತಿಗೂ ಕಾಲು ಗಂಟೆ ಮುಂಚೆ ಬೇಕಾದಷ್ಟೇ ಹಾಕಿ. ಉಂಡೆ ಬಡಿಸೋಕೆ ಒಬ್ಬರು, ಹುಳಿ ಬಡಿಸೋಕೆ ಇನ್ನೊಬ್ಬರು ಇರಲಿ. ಒಬ್ಬರೇ ಆದರೆ ಮೊದಲ ಸಾಲಿಗೆ ಮೂರು ಮೂರು, ಕೊನೆಯ ಸಾಲಿಗೆ ಬರೀ ಹುಳಿ.

ಮಿಕ್ಕಿದ್ದು ಮಾರನೇ ದಿನ ಇಡೀ ಮುದ್ದೆ ಥರ ಆಗಿರುತ್ತೆ. ಏನು ಮಾಡೋದು?

ಉಂಡೆ ರಾತ್ರಿಯಿಡೀ ಹುಳಿ ಕುಡಿಯುತ್ತಲೇ ಇರುತ್ತದೆ. ಉಳಿಯುತ್ತದೆ ಅಂತ ಗೊತ್ತಿದ್ದರೆ ಉಂಡೆ ಬೇರೆ, ಹುಳಿ ಬೇರೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಲ್ಲಿಡಿ. ಬೆಳಗ್ಗೆ ಹುಳಿಗೆ ಬಿಸಿನೀರು, ಚಿಟಿಕೆ ಉಪ್ಪು ಸೇರಿಸಿ ಕುದಿಸಿ, ಆಮೇಲೆ ಉಂಡೆ ಬಿಡಿ. ಹಬೆಯಲ್ಲಿ ಬೆಂದ ಉಂಡೆ ಫ್ರೀಜರಲ್ಲಿ ವಾರಗಟ್ಟಲೆ ಇರುತ್ತದೆ, ಕರಗಿಸದೆ ನೇರ ಕುದಿಯುವ ಹುಳಿಗೇ ಹಾಕಬಹುದು.

ನಮ್ಮಲ್ಲಿ ಅಷ್ಟು ದೂರ ಹೋಗುವುದೇ ಇಲ್ಲ. ಬೆಳಗ್ಗೆ ಕಾವಲಿ ಮೇಲೆ ಅಕ್ಕಿರೊಟ್ಟಿ ಬೇಯುತ್ತಿರುತ್ತದೆ. ಅತ್ತೆ ಡಬ್ಬಿ ತೆಗೆದು, ತಣ್ಣನೆಯ ಉಂಡೆ ಎರಡನ್ನು ರೊಟ್ಟಿ ಮೇಲೆ ಪುಡಿ ಮಾಡಿ, ಮೇಲೊಂದು ಚಮಚ ತುಪ್ಪ ಬಿಟ್ಟುಕೊಂಡು, ನಾನು ಹುಳಿ ಬಿಸಿ ಮಾಡುವಷ್ಟರಲ್ಲಿ ಕೈ ತೊಳೆದಿರುತ್ತಾರೆ.